ವೈರಸ್ ಹಿಡಿತದಲ್ಲಿದೆ, ಅಂಗಾಲ ಉರಿ ಯಾಕೆ ಬಿಡುತ್ತಿಲ್ಲ?

ವೈರಲ್ ಲೋಡ್ ವರದಿ ಕೈಗೆ ಬಂದಿದೆ. ಅದರಲ್ಲಿ ‘ಟಿಎನ್‌ಡಿ’ ಎಂದಿದೆ. ಅಂದರೆ ರಕ್ತದಲ್ಲಿ ಎಚ್‌ಐವಿ ಯಂತ್ರಕ್ಕೆ ಸಿಗುವಷ್ಟೂ ಇಲ್ಲ. ಗುಳಿಗೆ ತಪ್ಪಿಸಿಲ್ಲ, ತೂಕ ಸರಿಯಿದೆ, ಹೊಲಮನೆಯ ಕೆಲಸ ನಡೆದಿದೆ. ಆದರೂ ರಾತ್ರಿ ಮಲಗಿದರೆ ಅಂಗಾಲು ಉರಿಯುತ್ತದೆ. ಹೊದ್ದ ಕೌದಿ ಬೆರಳಿಗೆ ತಾಗಿದರೂ ತಡೆಯಲಾಗದು. ಕಾಲನ್ನು ಹೊರಗೆ ಚಾಚಿಕೊಂಡೇ ಬೆಳಗು ಮಾಡಬೇಕು. ಐರಣಿಯಂಥ ಹೊಳೆದಂಡೆಯ ಊರಿನಿಂದ ಹಿಡಿದು ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಪೇಟೆಯವರೆಗೆ ಹೀಗೆ ನರಳುವವರಿಗೆ, ಅವರ ಮನೆಯವರಿಗೆ ಈ ಲೇಖನ.

ಮೊದಲು ಎರಡು ಅನುಮಾನ ಬಗೆಹರಿಸಿಕೊಳ್ಳೋಣ. ನೋವಿದೆ ಎಂದರೆ ಎಚ್‌ಐವಿ ಔಷಧ ನಾಟುತ್ತಿಲ್ಲ ಎಂದೇ? ಅಲ್ಲ. ಔಷಧ ನಾಟುತ್ತಿದೆಯೋ ಇಲ್ಲವೋ ಎಂಬುದನ್ನು ವೈರಲ್ ಲೋಡ್ ಹೇಳುತ್ತದೆ, ನೋವು ಹೇಳುವುದಿಲ್ಲ. ಹಾಗಾದರೆ ವರದಿ ಚೆನ್ನಾಗಿದ್ದೂ ಬರುವ ನೋವು ಮನಸ್ಸಿನ ಭ್ರಮೆಯೇ? ಅದೂ ಅಲ್ಲ. ನೋವನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯಿತು. ಒಬ್ಬರು ತಮಗೆ ನೋವಿದೆ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು ಎಂದು ಅದರ ಜೊತೆಗೇ ಸೇರಿಸಿತು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ನೋವು ನಿಜವೇ.

ದೀರ್ಘಕಾಲದ ನೋವು ಎಂದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮತ್ತೆ ಮತ್ತೆ ಮರಳುವ ನೋವು. ಎಚ್‌ಐವಿ ಜೊತೆ ಬದುಕುವವರಲ್ಲಿ ಇದು ಅಪರೂಪವೇನಲ್ಲ. ಬೇರೆಬೇರೆ ದೇಶಗಳ ಅಧ್ಯಯನಗಳಲ್ಲಿ ನೂರಕ್ಕೆ 39ರಿಂದ 85 ಮಂದಿಗೆ ಇಂಥ ನೋವು ಕಂಡುಬಂದಿದೆ. ಯಾರನ್ನು, ಹೇಗೆ ಕೇಳಿದರು ಎಂಬುದರ ಮೇಲೆ ಅಂಕಿ ಇಷ್ಟು ಹಿಗ್ಗುತ್ತದೆ, ಕುಗ್ಗುತ್ತದೆ. ಕಡಿಮೆ ಅಂಕಿಯನ್ನೇ ಹಿಡಿದರೂ ಎಆರ್‌ಟಿ ಕೇಂದ್ರದ ಬೆಂಚಿನ ಮೇಲೆ ಕೂತ ಐವರಲ್ಲಿ ಇಬ್ಬರಿಗೆ ನೋವಿದೆ ಎಂದಾಯಿತು. ಎಆರ್‌ಟಿ ಎಂದರೆ ವೈರಸ್ ಬೆಳೆಯದಂತೆ ತಡೆಯುವ ಔಷಧಗಳ ಚಿಕಿತ್ಸೆ.

ನೋವು ಎಲ್ಲಿಂದ ಹುಟ್ಟುತ್ತದೆ

ನೋವನ್ನು ಹೇಗೆ ಹೇಳುತ್ತೀರಿ ಎಂಬುದರಲ್ಲೇ ವೈದ್ಯರಿಗೆ ಅರ್ಧ ಸುಳಿವು ಸಿಗುತ್ತದೆ. ‘ಉರೀತೈತ್ರಿ’, ‘ಜೋಮು ಹಿಡಿದೈತಿ’, ‘ಸೂಜಿ ಚುಚ್ಚಿದಂಗ ಆಕ್ಕತಿ’, ‘ಕರೆಂಟ್ ಹೊಡದಂಗ ಆಕ್ಕತಿ’ ಎಂದರೆ ಅವರ ಗಮನ ನರದ ಕಡೆ ಹೋಗುತ್ತದೆ. ‘ಏಳಾಕ ಕೂಡ್ರಾಕ ಹಿಡಕೊಂತೈತಿ’, ‘ಭಾರ ಎತ್ತಿದ್ರ ಟೊಂಕ ಸೆಳೀತೈತಿ’ ಎಂದರೆ ಕೀಲು, ಮೂಳೆ, ಸ್ನಾಯುಗಳ ಕಡೆ. ಆದ್ದರಿಂದ ಬರೀ ‘ಕಾಲುನೋವು’ ಎಂದು ಮುಗಿಸಬೇಡಿ. ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಹೇಳಿ.

ನರದ ನೋವನ್ನು ಮೊದಲು ನೋಡೋಣ. ಕಾಲ್ಬೆರಳ ತುದಿಗೆ ಬರುವ ನರದ ಮೂಲ ಕೋಶ ಇರುವುದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕ. ಅಲ್ಲಿಂದ ಬೆರಳಿನವರೆಗೆ ಒಂದು ಮೀಟರಿನಷ್ಟು ಉದ್ದದ ಎಳೆ. ಆ ಎಳೆಗೆ ಬೇಕಾದ ಪೋಷಕ ವಸ್ತುಗಳೆಲ್ಲ ಮೂಲ ಕೋಶದಿಂದಲೇ ಹೋಗಬೇಕು. ತುಂಗಾ ಮೇಲ್ದಂಡೆ ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲೆ ಎಲ್ಲಿ ನೀರು ಕಡಿಮೆಯಾದರೂ ಮೊದಲು ಒಣಗುವುದು ಅವರದೇ ಬೆಳೆ. ಹಾಗೆಯೇ ನರಕ್ಕೆ ಏನೇ ಪೆಟ್ಟು ಬಿದ್ದರೂ ಮೊದಲು ಕಾಲ್ಬೆರಳು, ಆಮೇಲೆ ಅಂಗಾಲು, ಆಮೇಲೆ ಕಣಕಾಲು. ಎರಡೂ ಕಾಲಿನಲ್ಲಿ, ಕಾಲುಚೀಲ ಹಾಕುವಷ್ಟು ಜಾಗದಲ್ಲಿ ಉರಿ ಅಥವಾ ಜೋಮು. ಇದಕ್ಕೆ ವೈದ್ಯರು ‘ನ್ಯೂರೋಪತಿ’ ಎನ್ನುತ್ತಾರೆ, ಅಂದರೆ ನರಗಳಿಗೆ ಆದ ಹಾನಿ.

ಆ ಪೆಟ್ಟು ಕೊಟ್ಟವರು ಯಾರು? ಒಂದು, ವೈರಸ್ಸೇ. ಎಚ್‌ಐವಿ ನರಕೋಶದೊಳಗೆ ಹೊಕ್ಕು ಕೂರುವುದಿಲ್ಲ. ಆದರೆ ಅದರ ಮೈಮೇಲಿನ ಒಂದು ಪ್ರೋಟೀನು ನರಕ್ಕೆ ವಿಷದಂತೆ ಕೆಲಸ ಮಾಡುತ್ತದೆ. ವೈರಸ್ಸಿನ ವಿರುದ್ಧ ಕೆರಳಿದ ರಕ್ಷಣಾ ಕೋಶಗಳು ನರದ ಸುತ್ತ ಉರಿಯೂತ ಎಬ್ಬಿಸುತ್ತವೆ. ಚಿಕಿತ್ಸೆ ತಡವಾಗಿ ಶುರುವಾದವರಲ್ಲಿ ಈ ಹಾನಿ ಆಗಲೇ ಆಗಿಹೋಗಿರುತ್ತದೆ. ವೈರಸ್ ಅಡಗಿದ ಮೇಲೂ ಹಾಳಾದ ಎಳೆ ಪೂರ್ತಿ ಬೆಳೆಯದೆ ಇರಬಹುದು.

ಎರಡು, ಹಳೆಯ ಔಷಧ. ಸರ್ಕಾರದ ಉಚಿತ ಎಆರ್‌ಟಿ 2004ರ ಏಪ್ರಿಲ್ 1ರಂದು ಶುರುವಾಯಿತು. ಮೊದಲ ಕಂತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗ ಬಹುತೇಕರಿಗೆ ಕೊಡುತ್ತಿದ್ದ ಗುಳಿಗೆಯಲ್ಲಿ ಸ್ಟಾವುಡಿನ್ ಎಂಬ ಔಷಧ ಇತ್ತು. ಅದು ಸಾವಿರಾರು ಜೀವ ಉಳಿಸಿತು. ಆದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಕ್ಕೆ ಅದರಿಂದ ಏಟು ಬೀಳುತ್ತಿತ್ತು. ಉದ್ದದ ನರಗಳು ಆ ಏಟನ್ನು ತಾಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅದನ್ನು ಕೈಬಿಡಲು ಹೇಳಿತು, ನಮ್ಮಲ್ಲೂ ನಿಧಾನವಾಗಿ ನಿಂತಿತು. ನಿಮ್ಮ ಹಳೆಯ ಗ್ರೀನ್ ಬುಕ್ಕಿನಲ್ಲಿ, ಅಂದರೆ ಎಆರ್‌ಟಿ ಕೇಂದ್ರ ಕೊಟ್ಟ ಚಿಕಿತ್ಸಾ ಪುಸ್ತಕದಲ್ಲಿ, ‘ಎಸ್‌ಎಲ್‌ಎನ್’ ಅಥವಾ ‘ಡಿ4ಟಿ’ ಎಂದು ಬರೆದಿದ್ದರೆ ನೀವು ಅದನ್ನು ತೆಗೆದುಕೊಂಡಿದ್ದೀರಿ ಎಂದರ್ಥ. ಆ ಪುಟವನ್ನು ವೈದ್ಯರಿಗೆ ತೋರಿಸಿ. ಈಗ ಹೆಚ್ಚಿನವರು ನುಂಗುವ ಗುಳಿಗೆ ‘ಟಿಎಲ್‌ಡಿ’. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದು ಗುಳಿಗೆ. ಇದು ನರಕ್ಕೆ ಹಾಗೆ ಕಾಟ ಕೊಡುವುದಿಲ್ಲ. ಉರಿ ಬಂತೆಂದು ಇದನ್ನು ನೀವೇ ನಿಲ್ಲಿಸಬೇಡಿ.

ಮೂರು, ಎಚ್‌ಐವಿಗೆ ಸಂಬಂಧವೇ ಇಲ್ಲದ ಕಾರಣಗಳು. ಇಲ್ಲೇ ಹೆಚ್ಚು ಜನ ಮೋಸಹೋಗುವುದು. ಮೈಗೆ ಏನೇ ಬಂದರೂ ‘ಆ ರೋಗದ್ದೇ’ ಎಂದುಕೊಂಡು ಸುಮ್ಮನಾಗುತ್ತಾರೆ. ಸಕ್ಕರೆ ಕಾಯಿಲೆಯಿಂದಲೂ ಅಂಗಾಲು ಹೀಗೇ ಉರಿಯುತ್ತದೆ. ಬಿ12 ಜೀವಸತ್ವ ಕಡಿಮೆಯಾದರೂ ಉರಿಯುತ್ತದೆ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಈ ಕೊರತೆ ಹೆಚ್ಚು. ಸೆರೆ ಕುಡಿಯುವವರಿಗೂ ಬರುತ್ತದೆ. ಕ್ಷಯ ಬರದಂತೆ ತಡೆಯಲು ಎಚ್‌ಐವಿ ಇರುವವರಿಗೆ ಆರು ತಿಂಗಳು ಐಸೋನಿಯಜಿಡ್ ಗುಳಿಗೆ ಕೊಡುತ್ತಾರೆ. ಅದು ಮೈಯಲ್ಲಿನ ಬಿ6 ಜೀವಸತ್ವವನ್ನು ಕಳೆಯುತ್ತದೆ, ಅದಕ್ಕೇ ಜೊತೆಗೆ ಪಿರಿಡಾಕ್ಸಿನ್ ಎಂಬ ಸಣ್ಣ ಗುಳಿಗೆ ಇರುತ್ತದೆ. ಸಣ್ಣದು ಎಂದು ಅದನ್ನು ಬಿಟ್ಟವರಿಗೆ ಕಾಲು ಜೋಮು ಹಿಡಿಯಬಹುದು. ಒಂದೇ ಕಡೆ ಸ್ಪರ್ಶ ಗೊತ್ತಾಗದ ಮಚ್ಚೆ ಇದ್ದರೆ ಕುಷ್ಠರೋಗವನ್ನೂ ಪರೀಕ್ಷಿಸಬೇಕು. ಅದಕ್ಕೆ ಪೂರ್ತಿ ಗುಣಪಡಿಸುವ ಔಷಧ ಇದೆ, ಸರ್ಕಾರಿ ದವಾಖಾನೆಯಲ್ಲಿ ಉಚಿತ. ಈ ಪಟ್ಟಿಯಲ್ಲಿ ಹೆಚ್ಚಿನವು ತಿದ್ದಬಹುದಾದವು. ಅದಕ್ಕೇ ಕಾರಣ ಹುಡುಕಲು ಇಷ್ಟು ಒತ್ತಿ ಹೇಳುವುದು.

ಸರ್ಪಸುತ್ತು ಬಿಟ್ಟುಹೋದ ನೋವು

ಇದರ ಬಗ್ಗೆ ಬೇರೆಯಾಗಿ ಹೇಳಬೇಕು. ಚಿಕ್ಕಂದಿನಲ್ಲಿ ಸಿಡುಬಿನಂಥ ಗುಳ್ಳೆ ಎಬ್ಬಿಸಿದ ಚಿಕನ್‌ಪಾಕ್ಸ್ ವೈರಸ್ ನರದ ಬುಡದಲ್ಲಿ ಮಲಗಿರುತ್ತದೆ. ರೋಗನಿರೋಧಕ ಶಕ್ತಿ ಇಳಿದಾಗ ಎದ್ದು ಒಂದೇ ನರದ ಹಾದಿಯಲ್ಲಿ ಗುಳ್ಳೆ ಏಳಿಸುತ್ತದೆ. ಎದೆ, ಬೆನ್ನು ಅಥವಾ ಮುಖದ ಒಂದೇ ಬದಿಯಲ್ಲಿ ಪಟ್ಟಿಯಂತೆ ಕಾಣುವ ಇದೇ ಸರ್ಪಸುತ್ತು. ಎಚ್‌ಐವಿ ಇರುವವರಿಗೆ ಇದು ಬೇರೆಯವರಿಗಿಂತ ಹೆಚ್ಚು ಬರುತ್ತದೆ. ಗುಳ್ಳೆ ಒಣಗಿದ ಮೇಲೂ ಆ ಜಾಗದಲ್ಲಿ ತಿಂಗಳುಗಟ್ಟಲೆ ಉರಿ ಉಳಿದರೆ ಅದೂ ದೀರ್ಘಕಾಲದ ನೋವೇ.

ಊರಲ್ಲಿ ಕೆಮ್ಮಣ್ಣು ಬಳಿಸುತ್ತಾರೆ, ಮಂತ್ರ ಹಾಕಿಸುತ್ತಾರೆ. ಹಾಕಿಸುವವರು ಹಾಕಿಸಲಿ, ಅದರ ಜಗಳ ನನಗೆ ಬೇಡ. ಆದರೆ ಗುಳ್ಳೆ ಎದ್ದ ಮೂರು ದಿನದೊಳಗೆ ಅಸೈಕ್ಲೋವಿರ್ ಎಂಬ ವೈರಸ್ ತಡೆಯುವ ಗುಳಿಗೆ ಶುರುವಾದರೆ ಕಾಯಿಲೆ ಬೇಗ ಇಳಿಯುತ್ತದೆ. ಮಂತ್ರದವರ ಬಳಿ ಆ ಮೂರು ದಿನ ಕಳೆಯಬೇಡಿ. ಹಣೆ, ಮೂಗು, ಕಣ್ಣಿನ ಹತ್ತಿರ ಎದ್ದಿದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಟೊಂಕ, ಚಪ್ಪೆ, ಮೊಣಕಾಲು

ಕೀಲು, ಮೂಳೆ, ಸ್ನಾಯುಗಳ ನೋವು ಎಲ್ಲರಿಗೂ ಬರುವಂತೆ ಎಚ್‌ಐವಿ ಇರುವವರಿಗೂ ಬರುತ್ತದೆ. ಬಗ್ಗಿ ಹತ್ತಿ ಬಿಡಿಸುವವರ ಟೊಂಕಕ್ಕೆ ಎಚ್‌ಐವಿ ಇರಬೇಕೆಂದೇನಿಲ್ಲ. ಆದರೆ ಎರಡು ಸಂಗತಿ ನೆನಪಿರಲಿ. ಟೆನೊಫೊವಿರ್ ಕೆಲವರ ಮೂಳೆಯ ಗಟ್ಟಿತನ ಸ್ವಲ್ಪ ತಗ್ಗಿಸುತ್ತದೆ, ಮೂತ್ರಪಿಂಡದ ಮೂಲಕ ರಂಜಕ ಸೋರಿಸಿ ಮೂಳೆ ಮೆದುವಾಗಿಸುವುದೂ ಉಂಟು. ಇನ್ನೊಂದು, ಚಪ್ಪೆಯ ಕೀಲಿನ ಗುಂಡು ಮೂಳೆಗೆ ರಕ್ತ ನಿಂತು ಅದು ಸಾಯುವ ಕಾಯಿಲೆ. ಇದು ಎಚ್‌ಐವಿ ಇರುವವರಲ್ಲಿ ಹೆಚ್ಚು. ಸ್ಟೀರಾಯ್ಡ್ ಮತ್ತು ಕುಡಿತ ಅದಕ್ಕೆ ಇಂಬು ಕೊಡುತ್ತವೆ. ತೊಡೆಸಂದಿನಲ್ಲಿ ನೋವು, ಕುಂಟುನಡೆ, ಚಕ್ಕಳಮಕ್ಕಳ ಕೂಡಲು ಆಗದಿರುವುದು ಇದರ ಗುರುತು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು, ಎಂಆರ್‌ಐ ಬೇಕಾಗುತ್ತದೆ.

ಕೆಲವು ನೋವುಗಳಿಗೆ ಕಾಯಬಾರದು. ಜ್ವರ, ವಾಂತಿ, ಕತ್ತು ಬಿಗಿತದ ಜೊತೆ ತಲೆನೋವು ಇದ್ದರೆ ಮೆದುಳಿನ ಪೊರೆಯ ಸೋಂಕಿರಬಹುದು. ಬೆನ್ನುನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಕಾಲಿನ ಶಕ್ತಿ ಕುಗ್ಗಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ಅದೇ ದಿನ ದೊಡ್ಡ ದವಾಖಾನೆಗೆ ಹೋಗಿ.

ಕಾರಣ ಹೋದರೂ ನೋವು ಉಳಿಯುವುದೇಕೆ

ತಿಂಗಳಾನುಗಟ್ಟಲೆ ನೋವಿನ ಸುದ್ದಿ ಬರುತ್ತಲೇ ಇದ್ದರೆ ಬೆನ್ನುಹುರಿ ಮತ್ತು ಮೆದುಳು ಸೂಕ್ಷ್ಮವಾಗುತ್ತವೆ. ಸಣ್ಣ ಸ್ಪರ್ಶವನ್ನೂ ದೊಡ್ಡ ನೋವೆಂದು ಎಣಿಸತೊಡಗುತ್ತವೆ. ಕೌದಿ ತಾಗಿದರೆ ಉರಿಯುವುದು ಇದರಿಂದಲೇ. ನಿದ್ದೆಗೆಟ್ಟರೆ ಈ ಸೂಕ್ಷ್ಮತೆ ಹೆಚ್ಚುತ್ತದೆ, ನೋವು ಹೆಚ್ಚಿದರೆ ನಿದ್ದೆ ಕೆಡುತ್ತದೆ. ಚಿಂತೆ, ಖಿನ್ನತೆ, ‘ಮಂದಿಗೆ ಗೊತ್ತಾದರೆ ಹೇಗೆ’ ಎಂಬ ಅಂಜಿಕೆ ಕೂಡ ಇದೇ ಕೆಲಸ ಮಾಡುತ್ತವೆ. ಮನಸ್ಸಿಗೂ ಚಿಕಿತ್ಸೆ ಬೇಕು ಎಂದು ವೈದ್ಯರು ಹೇಳಿದರೆ ನಿಮ್ಮ ನೋವನ್ನು ಸುಳ್ಳೆಂದರು ಎಂದು ಭಾವಿಸಬೇಡಿ. ನೋವು ಸಾಗುವ ಹಾದಿಯಲ್ಲಿ ಮನಸ್ಸೂ ಒಂದು ನಿಲ್ದಾಣ, ಅಷ್ಟೇ.

ಎರಡು ಕಿಟಕಿ, ಎರಡು ಅರ್ಧ ಮಾತು

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ಎಆರ್‌ಟಿ ಕೇಂದ್ರಕ್ಕೆ ಹೋದಾಗ ಜನ ನೋವಿನ ಸುದ್ದಿ ಎತ್ತುವುದಿಲ್ಲ. ಸರದಿ ಉದ್ದ, ಬಸ್ಸಿನ ಹೊತ್ತು, ‘ಇಷ್ಟು ಕೊಟ್ಟಿದ್ದೇ ದೊಡ್ಡದು, ಇನ್ನೇನು ಕೇಳೋದು’ ಎಂಬ ಸಂಕೋಚ. ಊರಿಗೆ ಮರಳಿ ಮೆಡಿಕಲ್ ಅಂಗಡಿಯಲ್ಲೋ ಸೂಜಿ ಹಾಕುವ ಡಾಕ್ಟರ ಬಳಿಯೋ ನೋವು ಹೇಳುತ್ತಾರೆ, ಅಲ್ಲಿ ಎಚ್‌ಐವಿ ಹೇಳುವುದಿಲ್ಲ. ಎರಡೂ ಕಡೆ ಅರ್ಧರ್ಧ. ನಡುವೆ ಪೆಟ್ಟು ತಿನ್ನುವುದು ಮೂತ್ರಪಿಂಡ.

ಹೇಗೆ ಅಂತೀರಾ? ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೋವಿನ ಗುಳಿಗೆಗಳಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಇರುತ್ತವೆ. ವೊವೆರಾನ್, ಕಾಂಬಿಫ್ಲಾಮ್ ಎಂದು ಕೇಳಿ ಕೊಳ್ಳುವುದು ಇವನ್ನೇ. ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಟೆನೊಫೊವಿರ್ ದೇಹದಿಂದ ಹೊರಹೋಗುವುದೂ ಮೂತ್ರಪಿಂಡದ ಮೂಲಕವೇ. ಎರಡೂ ಸೇರಿ ದಿನಾ ಹೊಟ್ಟೆಗೆ ಬಿದ್ದರೆ ಮೂತ್ರಪಿಂಡ ಕೆಡುವ ಅಪಾಯ ಹೆಚ್ಚು. ಒಮ್ಮೆ ಹಲ್ಲುನೋವಿಗೆ ವೈದ್ಯರು ಬರೆದುಕೊಟ್ಟ ಒಂದೆರಡು ಗುಳಿಗೆಗೆ ಗಾಬರಿ ಬೇಡ. ವಾರಗಟ್ಟಲೆ ನೀವೇ ಕೊಂಡು ನುಂಗುವುದು ಬೇಡ.

ಅಂಗಡಿಯವರಿಗೆ ಎಚ್‌ಐವಿ ಎಂದು ಹೇಳಬೇಕಾಗಿಲ್ಲ. ‘ನನಗ ಕಿಡ್ನಿಗೆ ಭಾರ ಆಗೋ ಗುಳಿಗಿ ಬ್ಯಾಡಂದಾರ್ರಿ ಡಾಕ್ಟರು, ಬರೇ ಪ್ಯಾರಾಸಿಟಮಾಲ್ ಕೊಡ್ರಿ’ ಎಂದರೆ ಸಾಕು. ಅದು ಸುಳ್ಳೂ ಅಲ್ಲ, ಗುಟ್ಟೂ ಉಳಿಯುತ್ತದೆ. ಪ್ಯಾರಾಸಿಟಮಾಲ್ ಕೂಡ ದಿನಕ್ಕೆ 4 ಗ್ರಾಂ, ಅಂದರೆ 500 ಮಿ.ಗ್ರಾಂನ ಎಂಟು ಗುಳಿಗೆ ದಾಟಬಾರದು. ಕಾಮಾಲೆ, ಯಕೃತ್ತಿನ ತೊಂದರೆ, ಕುಡಿತ ಇದ್ದರೆ ಇನ್ನೂ ಕಡಿಮೆ. ಎಷ್ಟು ಎಂದು ವೈದ್ಯರನ್ನೇ ಕೇಳಿ.

ನೋವಿನ ಗುಳಿಗೆ ತಿಂದು ಹೊಟ್ಟೆ ಉರಿದರೆ ಡೈಜಿನ್, ಜೆಲುಸಿಲ್ ಕುಡಿಯುವ ರೂಢಿ ಇದೆ. ಇವುಗಳಲ್ಲಿನ ಅಲ್ಯುಮಿನಿಯಂ, ಮೆಗ್ನೀಸಿಯಂ ಡೊಲುಟೆಗ್ರಾವಿರನ್ನು ಹಿಡಿದು ಮೈಗೆ ಹತ್ತದಂತೆ ಮಾಡುತ್ತವೆ. ಎಚ್‌ಐವಿ ಗುಳಿಗೆಯನ್ನು ಇವಕ್ಕಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಆಮೇಲೆ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗೂ ಇದೇ ಲೆಕ್ಕ. ಆದರೆ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಗುಳಿಗೆಯನ್ನು ಎಚ್‌ಐವಿ ಗುಳಿಗೆಯೊಂದಿಗೆ ಊಟದ ಜೊತೆ ಒಟ್ಟಿಗೆ ನುಂಗಿದರೆ ತೊಂದರೆಯಿಲ್ಲ; ಡೈಜಿನ್, ಜೆಲುಸಿಲ್‌ಗೆ ಈ ರಿಯಾಯಿತಿ ಇಲ್ಲ.

ನರದ ನೋವಿಗೆ, ಮುಖದ ನೋವಿಗೆ ಕೆಲವೊಮ್ಮೆ ಕಾರ್ಬಮಝೆಪಿನ್ ಬರೆಯುತ್ತಾರೆ. ಅದು ರಕ್ತದಲ್ಲಿನ ಡೊಲುಟೆಗ್ರಾವಿರ್ ಪ್ರಮಾಣವನ್ನು ಇಳಿಸುತ್ತದೆ. ಹಾಗೆ ಇಳಿದರೆ ವೈರಸ್ ಮತ್ತೆ ಏಳಬಹುದು. ಎರಡನೇ ಸಾಲಿನ ಚಿಕಿತ್ಸೆಯಲ್ಲಿ, ಅಂದರೆ ಮೊದಲ ಔಷಧ ನಾಟದೆ ಬದಲಿಸಿದ ಚಿಕಿತ್ಸೆಯಲ್ಲಿ, ಇರುವವರ ಗುಳಿಗೆಯಲ್ಲಿ ರಿಟೊನಾವಿರ್ ಇದ್ದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಮೊಣಕಾಲಿಗೆ ಹಾಕುವ ಸ್ಟೀರಾಯ್ಡ್ ಸೂಜಿ ಅದರ ಜೊತೆ ಸೇರಿದರೆ ಮೈಯಲ್ಲೇ ಉಳಿದು ಮುಖ ಊದಿಸುತ್ತದೆ, ಸಕ್ಕರೆ ಏರಿಸುತ್ತದೆ. ಅರೆತಲೆನೋವಿಗೆ ಕೊಡುವ ಎರ್ಗೊಟಮಿನ್ ಗುಳಿಗೆ ಸೇರಿದರೆ ರಕ್ತನಾಳ ಮುದುಡಿ ಕೈಬೆರಳು, ಕಾಲ್ಬೆರಳು ಕಪ್ಪಾಗುವವರೆಗೂ ಹೋಗಬಹುದು. ಊರಲ್ಲಿ ನೋವಿಗೆಂದು ಹಾಕುವ ಸೂಜಿಯಲ್ಲಿ, ಪೊಟ್ಟಣದಲ್ಲಿ ಕೊಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಇರುವುದುಂಟು. ಒಂದೇ ರಾತ್ರಿಯಲ್ಲಿ ನೋವು ಮಾಯವಾದರೆ ಖುಷಿಪಡುವ ಮೊದಲು ‘ಏನು ಹಾಕಿದ್ರಿ?’ ಎಂದು ಕೇಳಿ, ಹೆಸರು ಬರೆಸಿಕೊಳ್ಳಿ.

ಪರೀಕ್ಷೆ ಹೇಗೆ ಮಾಡುತ್ತಾರೆ

ಎಚ್‌ಐವಿ ಇರುವ ಎಲ್ಲರನ್ನೂ ಕನಿಷ್ಠ ಎರಡು ಪ್ರಶ್ನೆ ಕೇಳಬೇಕು ಎಂದು ಅಮೆರಿಕದ ತಜ್ಞರ 2017ರ ಮಾರ್ಗಸೂಚಿ ಹೇಳುತ್ತದೆ. ಹೋದ ವಾರ ಮೈಯಲ್ಲಿ ಎಷ್ಟು ನೋವಿತ್ತು? ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇರುವ ನೋವೇನಾದರೂ ಇದೆಯೇ? ಯಾರೂ ಕೇಳದಿದ್ದರೆ ನೀವೇ ಉತ್ತರ ಹೇಳಿಬಿಡಿ. ಸೊನ್ನೆಯಿಂದ ಹತ್ತರವರೆಗಿನ ಅಂಕದಲ್ಲಿ ಹೇಳಿದರೆ ಮುಂದಿನ ಭೇಟಿಯಲ್ಲಿ ಹೋಲಿಸಿ ನೋಡಬಹುದು. ಅಂಕದ ಜೊತೆ, ನೋವಿನಿಂದ ಯಾವ ಕೆಲಸ ನಿಂತಿದೆ ಎಂಬುದನ್ನೂ ಹೇಳಿ. ‘ಆರು’ ಎನ್ನುವುದಕ್ಕಿಂತ ‘ರಾತ್ರಿ ಎರಡು ತಾಸು ಮಾತ್ರ ನಿದ್ದೆ’ ಎಂಬ ಮಾತು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ಪರೀಕ್ಷೆ ಸರಳ. ವೈದ್ಯರು ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಅಂಗೈಗೆ ಬಡಿದು, ಅದು ಗುಂಯ್‌ಗುಡುತ್ತಿರುವಾಗ ನಿಮ್ಮ ಹೆಬ್ಬೆರಳ ಗೆಣ್ಣಿನ ಮೇಲೆ ಇಡುತ್ತಾರೆ. ಅದರ ಹೆಸರು ಟ್ಯೂನಿಂಗ್ ಫೋರ್ಕ್. ನಡುಕ ಗೊತ್ತಾಗುವುದು ನಿಂತ ಕೂಡಲೇ ‘ನಿಂತಿತು’ ಎನ್ನಬೇಕು. ಕಡ್ಡಿ ಇನ್ನೂ ನಡುಗುತ್ತಿದ್ದರೂ ನಿಮಗೆ ಬೇಗ ನಿಂತಂತೆ ಅನಿಸಿದರೆ ನರ ಸೊರಗಿದೆ ಎಂದರ್ಥ. ಆಮೇಲೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಪಾದ ಪುಟಿಯುತ್ತದೆಯೇ ನೋಡುತ್ತಾರೆ. ಸಕ್ಕರೆ, ಬಿ12, ಥೈರಾಯ್ಡ್, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಇವುಗಳ ರಕ್ತಪರೀಕ್ಷೆ ಬೇಕಾಗಬಹುದು. ದುಬಾರಿ ಸ್ಕ್ಯಾನ್ ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಯಾವುದರಿಂದ ಆರಾಮ ಸಿಗುತ್ತದೆ

ನರದ ನೋವಿಗೆ ಸಾಮಾನ್ಯ ನೋವಿನ ಗುಳಿಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅದಕ್ಕೆ ಬೇರೆಯೇ ಔಷಧಗಳು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್ ಇವುಗಳಲ್ಲಿ ಒಂದನ್ನು ಸಣ್ಣ ಪ್ರಮಾಣದಿಂದ ಶುರುಮಾಡಿ ಏರಿಸುತ್ತಾರೆ. ಮೇಲೆ ಹೇಳಿದ ಮಾರ್ಗಸೂಚಿ ಮೊದಲು ಹೇಳುವುದು ಗ್ಯಾಬಪೆಂಟಿನ್ ಹೆಸರನ್ನು. ಒಂದೆರಡು ದಿನದಲ್ಲಿ ಗುಣ ಕಾಣುವುದಿಲ್ಲ, ಕೆಲವು ವಾರ ಬೇಕು. ಶುರುವಿನಲ್ಲಿ ತೂಕಡಿಕೆ, ತಲೆಸುತ್ತು ಬರುತ್ತದೆ. ಆಗ ಟ್ರ್ಯಾಕ್ಟರ್, ಬೈಕ್ ಓಡಿಸಬೇಡಿ. ‘ಇದು ತಲೆ ಕೆಟ್ಟವರ ಗುಳಿಗೆ’ ಎಂದು ಯಾರೋ ಹೇಳಿದರೆಂದು ಬಿಡಬೇಡಿ. ಇವುಗಳಲ್ಲಿ ಕೆಲವನ್ನು ಖಿನ್ನತೆಗೂ ಮೂರ್ಛೆಗೂ ಕೊಡುವುದು ನಿಜ. ನರದ ನೋವಿಗೆ ಕೊಡುವುದೂ ಅಷ್ಟೇ ನಿಜ. ನಿಲ್ಲಿಸುವಾಗಲೂ ಒಮ್ಮೆಲೇ ಬೇಡ. ಟ್ರಮಡಾಲ್‌ನಂಥ ಅಫೀಮು ಜಾತಿಯ ಗುಳಿಗೆ ಮೊದಲ ಆಯ್ಕೆಯಲ್ಲ, ಚಟ ಹತ್ತುತ್ತದೆ.

ಬ್ಯಾಡಗಿಯವರಿಗೆ ಕುತೂಹಲ ಹುಟ್ಟಿಸುವ ಔಷಧವೊಂದಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನರದ ನೋವಿಗೂ ಮದ್ದು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಸಂಜೆ ಕೈ ಉರಿಯುವುದು ಗೊತ್ತೇ ಇದೆ. ಚರ್ಮದ ನರತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಬಾಗಿಲಿದೆ, ಖಾರ ತೆರೆಯುವುದು ಅದೇ ಬಾಗಿಲನ್ನು. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ 1997ರಲ್ಲಿ ಅದನ್ನು ಪತ್ತೆಮಾಡಿದರು, 2021ರಲ್ಲಿ ನೊಬೆಲ್ ಹಂಚಿಕೊಂಡರು. ಖಾರ ಗಾಢವಾಗಿ ತಾಗಿದ ಮೇಲೆ ಆ ನರತುದಿಗಳು ಕೆಲಕಾಲ ಸುಮ್ಮನಾಗುತ್ತವೆ. ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಪಾದಕ್ಕೆ 30 ನಿಮಿಷ ಅಂಟಿಸಿದರೆ ಸುಮಾರು 12 ವಾರ ಆರಾಮ ಸಿಗಬಹುದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಅದನ್ನು ತರಬೇತಾದ ಸಿಬ್ಬಂದಿಯೇ ಹಚ್ಚಬೇಕು. ಕಡಿಮೆ ಶಕ್ತಿಯ ಮುಲಾಮು ಬೇರೆ ಸಿಗುತ್ತದೆ. ಶುರುವಿನಲ್ಲಿ ಉರಿ ಹೆಚ್ಚಾಗುತ್ತದೆ, ದಿನಕ್ಕೆ ಹಲವು ಬಾರಿ, ವಾರಗಟ್ಟಲೆ ಹಚ್ಚಿದರೆ ಫಲ. ಹಚ್ಚಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ, ಗಾಯದ ಮೇಲೆ ಹಚ್ಚಬೇಡಿ. ಮನೆಯ ಮೆಣಸಿನಪುಡಿ ಎಣ್ಣೆಯಲ್ಲಿ ಕಲೆಸಿ ಪಾದಕ್ಕೆ ತಿಕ್ಕುವ ಯೋಚನೆ ಖಂಡಿತ ಬೇಡ, ಚರ್ಮ ಸುಟ್ಟೀತು.

ಔಷಧದಷ್ಟೇ ಮುಖ್ಯ ನಡೆದಾಡುವುದು. ನೋವಿದ್ದಾಗ ಮಲಗಿಯೇ ಇದ್ದರೆ ಸ್ನಾಯು ಸೊರಗಿ ನೋವು ಹೆಚ್ಚುತ್ತದೆ. ಆರಾಮ ಅನಿಸಿದ ದಿನ ವಾರದ ಕೆಲಸವನ್ನೆಲ್ಲ ಮಾಡಿ, ಮರುದಿನದಿಂದ ಹಾಸಿಗೆ ಹಿಡಿಯುವವರೂ ಇದ್ದಾರೆ. ಎರಡೂ ಬೇಡ. ದಿನಾ ಸ್ವಲ್ಪ, ವಾರಕ್ಕಿಷ್ಟು ಹೆಚ್ಚು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಎಚ್‌ಐವಿ ಇರುವ ಖೋಸಾ ಭಾಷಿಕ ಮಹಿಳೆಯರ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ಆರು ವಾರ, ತಮ್ಮಂಥವರೇ ನಡೆಸಿಕೊಟ್ಟ ವ್ಯಾಯಾಮ ಮತ್ತು ತಿಳಿವಳಿಕೆಯ ತರಗತಿ. ಇನ್ನೊಂದು ಗುಂಪಿಗೆ ಬರೀ ಕೈಪುಸ್ತಕ. ಎರಡೂ ಗುಂಪಿನ ನೋವು ಇಳಿಯಿತು! ನೋವಿನ ಬಗ್ಗೆ ತಿಳಿದುಕೊಳ್ಳುವುದೂ, ಯಾರೋ ಕೂತು ಕೇಳುವುದೂ ಚಿಕಿತ್ಸೆಯ ಭಾಗ ಎಂದು ನಾನು ಅದರಿಂದ ಅರ್ಥಮಾಡಿಕೊಂಡಿದ್ದೇನೆ.

ಜೋಮು ಹಿಡಿದ ಕಾಲಿಗೆ ಗಾಯವಾದರೆ ಗೊತ್ತಾಗುವುದಿಲ್ಲ. ಗೋವಿನಜೋಳ ಕೊಯ್ದ ಹೊಲದ ಕೂಳೆಯಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಮಲಗುವ ಮೊದಲು ಬೆಳಕಿನಲ್ಲಿ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಉರಿಗೆ ತಣ್ಣೀರು ಸ್ವಲ್ಪ ಹೊತ್ತು ಸರಿ. ಬಿಸಿನೀರಿನ ಚೀಲ, ಕೆಂಡದ ಕಾವು ಬೇಡ, ಸುಟ್ಟರೂ ತಿಳಿಯದು. ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ. ರಾತ್ರಿಯ ಗುಳಿಗೆಯನ್ನು ಬೆಳಗ್ಗೆಗೆ ಬದಲಿಸಬಹುದೇ ಎಂದು ಕೇಂದ್ರದಲ್ಲಿ ಕೇಳಿ.

ಎಲ್ಲಿ, ಎಷ್ಟು ಖರ್ಚು

ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರ ಇದೆ. ಎಚ್‌ಐವಿ ಔಷಧ, ಸಿಡಿ4 (ರಕ್ಷಣಾ ಕೋಶಗಳ ಎಣಿಕೆ) ಮತ್ತು ವೈರಲ್ ಲೋಡ್ ಪರೀಕ್ಷೆಗಳಿಗೆ ದುಡ್ಡಿಲ್ಲ. ಎಚ್‌ಐವಿ ಪರೀಕ್ಷೆ ಮತ್ತು ಆಪ್ತ ಸಮಾಲೋಚನೆಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಕೊಠಡಿ ಇರುತ್ತದೆ. ನರರೋಗ ತಜ್ಞರು ಬೇಕಾದರೆ ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಐರಣಿ ಕಡೆಯವರಿಗೆ ಹೊಳೆಯಾಚೆ ದಾವಣಗೆರೆಯೂ ಹತ್ತಿರ, ಅಲ್ಲಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೂ ಎಆರ್‌ಟಿ ಕೇಂದ್ರ ಇದೆ. ಗುರುತಿನವರು ಕಂಡಾರು ಎಂದು ಬೇರೆ ಜಿಲ್ಲೆಗೆ ಹೋಗಲು ಬಯಸಿದರೆ ತಪ್ಪೇನಿಲ್ಲ. ಸುಮ್ಮನೆ ಬಿಟ್ಟುಹೋಗದೆ ವರ್ಗಾವಣೆ ಕೇಳಿ ಪಡೆಯಿರಿ, ಔಷಧ ಮಧ್ಯದಲ್ಲಿ ನಿಲ್ಲುವುದಿಲ್ಲ.

ನರದ ನೋವಿನ ಗುಳಿಗೆ ಸರ್ಕಾರಿ ಔಷಧ ಕೌಂಟರಿನಲ್ಲಿ ಇಲ್ಲದಿದ್ದರೆ ಜನೌಷಧಿ ಕೇಂದ್ರದಲ್ಲಿ ನೋಡಿ. ಬ್ರ್ಯಾಂಡಿನ ಹೆಸರಿಗಿಂತ ಔಷಧದ ಹೆಸರು ಬರೆದ ಚೀಟಿ ಇದ್ದರೆ ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಚಪ್ಪೆ ಕೀಲಿನ ಶಸ್ತ್ರಚಿಕಿತ್ಸೆಯಂಥ ದೊಡ್ಡ ಖರ್ಚು ಬಂದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ನಿಜವಾದ ಖರ್ಚು ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿಯದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಪುಕ್ಕಟೆ. ಆರೋಗ್ಯ ಸ್ಥಿರವಾಗಿರುವವರಿಗೆ ಒಂದಕ್ಕಿಂತ ಹೆಚ್ಚು ತಿಂಗಳ ಗುಳಿಗೆ ಒಟ್ಟಿಗೆ ಕೊಡುತ್ತಾರೆ, ಅದನ್ನೂ ಕೇಳಿ. ಗುಳಿಗೆಗೆ ಹೋದ ದಿನವೇ ನೋವಿನ ಪರೀಕ್ಷೆಯೂ ಆದರೆ ಇನ್ನೊಂದು ಕೂಲಿ ಉಳಿಯುತ್ತದೆ.

ಬೇರೆ ವಿಭಾಗಕ್ಕೆ ಕಳಿಸಿದಾಗ ಅಲ್ಲಿನವರು ಮುಟ್ಟಲು ಹಿಂಜರಿದರೆ? ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರಲ್ಲಿ ಬಂತು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಚ್‌ಐವಿ ಇದೆಯೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ನಿಮ್ಮ ಸ್ಥಿತಿಯನ್ನು ಹೊರಗೆ ಹೇಳುವಂತಿಲ್ಲ. ಹಾಗಾದಲ್ಲಿ ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರಿಗೆ ಅಥವಾ ಕೇರ್ ಕೋಆರ್ಡಿನೇಟರ್‌ಗೆ ತಿಳಿಸಿ. ಈ ಎರಡನೆಯವರು ಸಾಮಾನ್ಯವಾಗಿ ಸ್ವತಃ ಎಚ್‌ಐವಿ ಜೊತೆ ಬದುಕುತ್ತಿರುವವರೇ ಆಗಿರುತ್ತಾರೆ. ನೋವಿನ ಮಾತನ್ನು ಡಾಕ್ಟರ ಮುಂದೆ ಹೇಳಲು ಬಾಯಿ ಬರದಿದ್ದರೆ ಮೊದಲು ಇವರಿಗೇ ಹೇಳಿ, ಅವರೇ ಒಳಗೆ ಕರೆದೊಯ್ಯುತ್ತಾರೆ.

ಫೋನಿನಲ್ಲೇ ಕೇಳುವುದಾದರೆ ಎಚ್‌ಐವಿ ವಿಚಾರಕ್ಕೆ 1097, ಮನಸ್ಸಿನ ಬೇಸರ, ನಿದ್ದೆಗೇಡಿಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಮುಂದಿನ ಸಲ ಗುಳಿಗೆ ತರಲು ಹೋಗುವಾಗ ಗ್ರೀನ್ ಬುಕ್ಕಿನ ಜೊತೆ, ಮನೆಯಲ್ಲಿ ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಖಾಲಿ ಸ್ಟ್ರಿಪ್, ಮುಲಾಮಿನ ಡಬ್ಬಿ, ಪುಡಿಯ ಪೊಟ್ಟಣ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲೆ ಸುರಿಯಿರಿ.